ಹೊತ್ತು ಮುಳುಗುವ ಮುಂಚಿನ ಊಟ

ಕಳೆದ ವಾರ ನಮ್ಮ ಮನೆಯಲ್ಲಿ ಮೊಬೈಲಿನ ಒಂದು ಎಐ ಆಪ್ ಚೆನ್ನಾಗಿ ಬೈಸಿಕೊಂಡಿತು. ಬೈದವರು ನನ್ನ ಗಂಡ. ಕಾರಣ? ಅದು ಅವರಿಗೆ ಕೆಲಸ ಹೇಳಿತ್ತು!

ನಮ್ಮದು ಗೋಕಾಕದ ಜೈನ ಮನೆ. ಹೊತ್ತು ಮುಳುಗಿದ ಮೇಲೆ ಅತ್ತೆ ಅನ್ನ ಮುಟ್ಟುವುದಿಲ್ಲ, ನೀರೂ ಕುಡಿಯುವುದಿಲ್ಲ. ಬಿದ್ದು ಸೊಂಟ ಮುರಿದಾಗಿನಿಂದ ಮಂಚ ಬಿಟ್ಟು ಏಳಲಾರರು. ನನ್ನ ನೌಕರಿ ಮೂಡಲಗಿಯ ಬ್ಯಾಂಕಿನಲ್ಲಿ. ಸಂಜೆಯ ಬಸ್ಸು ತಡವಾದರೆ (ಯಾವತ್ತು ಆಗಿಲ್ಲ?) ಮನೆ ಸೇರುವಷ್ಟರಲ್ಲಿ ಕತ್ತಲು. ಅತ್ತೆ ಉಪವಾಸ. ನಾನು ಬೆಳಿಗ್ಗೆ ಮಾಡಿಟ್ಟ ರೊಟ್ಟಿ, ಪಲ್ಯ ಅಡುಗೆಮನೆಯಲ್ಲೇ ಇರುತ್ತವೆ. ಗಂಡನ ಬಟ್ಟೆ ಅಂಗಡಿ ಮನೆಯ ಕೆಳಗೇ ಇದೆ. ಸಿಟ್ಟು ಬರುವುದಿಲ್ಲವೇ?

ನೌಕರಿ ಮಾಡುತ್ತ ಮನೆಯ ರೋಗಿಯನ್ನು ನೋಡಿಕೊಳ್ಳುವವರಿಗೆ ಈ ಆಪ್ ದಿನದ ಪ್ಲ್ಯಾನ್ ಮಾಡಿಕೊಡುತ್ತದೆ. ನಾನು ಎಲ್ಲ ಹೇಳಿಕೊಂಡೆ. ‘ಸಂಜೆ ಮನೆಯ ಹತ್ತಿರ ಯಾರಿರುತ್ತಾರೆ?’ ಎಂದು ಕೇಳಿತು. ಇಷ್ಟು ತಿಂಗಳಲ್ಲಿ ಒಬ್ಬ ನೆಂಟನೂ ಕೇಳದ ಪ್ರಶ್ನೆ! ಗಂಡನ ಹೆಸರನ್ನೂ ಮೈದುನನ ಹೆಸರನ್ನೂ ಕೊಟ್ಟೆ. ಸಂಜೆಯ ಊಟ ಬಡಿಸುವುದನ್ನು ಗಂಡನಿಗೆ, ಭಾನುವಾರದ ಪಾಳಿಯನ್ನು ಹುಕ್ಕೇರಿಯ ಮೈದುನ ಅಜಿತನಿಗೆ ವಹಿಸಿತು. ಅದನ್ನು ಹಾಗೇ ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

‘ದಂಧಾ ಟೈಮಿನ್ಯಾಗ ಗಿರಾಕಿ ಬಿಟ್ಟ ಊಟಕ್ಕ ನೀಡಾಕ ಬರಲೇನ?’ ಎಂದು ಗಂಡ ಕೂಗಾಡಿದರು.

ಅಜಿತ ಭಾನುವಾರ ಬಂದೇಬಿಟ್ಟ. ಬಡಿಸುವುದಕ್ಕೆ ಅಂದುಕೊಂಡಿರಾ? ಆಪ್ ರಿಪೇರಿಗೆ! ‘ಕೊಡ್ರಿ ಇಲ್ಲಿ ವೈನಿ, ನಿಮಗ ಸರಿಯಾಗಿ ಕೇಳಾಕ ಬಂದಿಲ್ಲ’ ಎಂದು ಫೋನ್ ಕಸಿದುಕೊಂಡ. ಅಣ್ಣತಮ್ಮಂದಿರ ಹೆಸರು ತೆಗೆದು, ನೋಡಿಕೊಳ್ಳಲು ಸೊಸೆ ಒಬ್ಬಳೇ ಎಂದು ಬರೆದ. ಆಪ್ ಪಾಪ, ನಂಬಿತು. ಹೊಸ ಪ್ಲ್ಯಾನನ್ನು ಗಟ್ಟಿಯಾಗಿ ಓದಿತು: ‘ನೀವು ಒಬ್ಬರೇ ಇಷ್ಟೆಲ್ಲ ಮಾಡುತ್ತಿದ್ದೀರಿ. ಸಾಧ್ಯವಾದರೆ ಸ್ವಲ್ಪ ಕಾಲ ಕೆಲಸ ಬಿಡುವುದನ್ನು ಯೋಚಿಸಿ.’

‘ನೋಡ್ರಿ, ಈಗ ಖರೆ ಹೇಳಾಕತ್ತೈತಿ’ ಎಂದ ಅಜಿತ. ಗಂಡ ತಲೆಯಾಡಿಸಿದರು.

ನಾನು ನೌಕರಿ ಬಿಡುವುದೇ? ಮಗುವನ್ನು ಮಡಿಲಲ್ಲಿಟ್ಟುಕೊಂಡು ಓದಿ, ಪರೀಕ್ಷೆ ಬರೆದು ಪಡೆದ ನೌಕರಿ ಅದು. ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ಅತ್ತೆಯ ದನಿ ಬಂತು.

‘ಅಜಿತಾ, ಅದು ಒಬ್ಬಾಕೀನ ಅಂತೈತಲ್ಲೋ. ನನಗ ಗಂಡಮಕ್ಕಳ ಇಲ್ಲಂತ ಬರದೀ ಏನ?’

ಅಜಿತ ಫೋನನ್ನು ನನ್ನ ಕೈಗೆ ತುರುಕಿದ; ಇಬ್ಬರೂ ಕೂತಲ್ಲಿಂದ ಏಳಲಿಲ್ಲ. ಹೊತ್ತು ಇಳಿಯುತ್ತಿತ್ತು. ತಾಟು ನಾನೇ ತಂದಿಟ್ಟೆ.

ಸೋಮವಾರ ನಾನು ಬ್ಯಾಂಕಿಗೆ ಹೋದೆ. ಬಸ್ಸು ಮತ್ತೆ ತಡವಾಯಿತು. ಅತ್ತೆ ಮತ್ತೆ ಉಪವಾಸ ಮಲಗಿದ್ದರು. ಕೆಳಗೆ ಅಂಗಡಿಯ ದೀಪ ಉರಿಯುತ್ತಲೇ ಇತ್ತು.

ಈಗ ಯಾರನ್ನು ಬೈಯೋಣ, ಹೇಳಿ?