ತೊಂಬತ್ತೆಂಟಕ್ಕೆ ಕುದಿದ ನೀರು

ನಾನು ಯಲ್ಲಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಎರಡನೆಯ ವರ್ಷ, ಅಲ್ಲಿಯ ನೀರು ತೊಂಬತ್ತೆಂಟು ಡಿಗ್ರಿಗೆ ಕುದಿಯಿತು. ಅದಕ್ಕಿಂತ ಮೊದಲೂ ಅಷ್ಟಕ್ಕೇ ಕುದಿಯುತ್ತಿದ್ದಿರಬೇಕು. ಆದರೆ ಯಾರೂ ನೋಡಿರಲಿಲ್ಲವಾದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಇದು ಅರವತ್ತರ ಆಸುಪಾಸಿನ ಮಾತು. ಆಗಿನಿಂದಲೂ ಡೈರಿ ಬರೆಯುವ ಚಟ ನನಗೆ. ನೆನಪನ್ನು ನಂಬುವುದಿಲ್ಲವೆಂದು ಬರೆಯತೊಡಗಿದವನು ನಾನು. ಈಗ ತೆರೆದು ನೋಡಿದರೆ ಡೈರಿಯನ್ನೂ ಅಷ್ಟಾಗಿ ನಂಬುವಂತಿಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: ‘ಕುದಿಯುವ ಪ್ರಯೋಗ. ೯೮. ಮಾನ ಹೋಯಿತು.’ ಉಳಿದದ್ದೆಲ್ಲ ತಲೆಯೊಳಗಿನಿಂದ ಬರುತ್ತಿದೆ, ಓದುವವರು ಅದಕ್ಕೆ ತಕ್ಕ ಹಾಗೆ ಕಡಿತ ಮಾಡಿಕೊಳ್ಳಬೇಕು.

ಒಂಬತ್ತನೆಯ ಇಯತ್ತೆಯ ಮಕ್ಕಳೆದುರು ಸ್ಟೋ ಹಚ್ಚಿ, ಗಾಜಿನ ಪಾತ್ರೆಯಲ್ಲಿ ನೀರಿಟ್ಟು, ಥರ್ಮಾಮೀಟರ್ ಇಳಿಬಿಟ್ಟೆ. ಶುದ್ಧವಾದ ನೀರು ನೂರು ಸೆಂಟಿಗ್ರೇಡಿಗೆ ಕುದಿಯುತ್ತದೆಂದು ಮೊದಲೇ ಹಲಗೆಯ ಮೇಲೆ ಬರೆದು, ಕೆಳಗೆ ಎರಡು ಗೀಟು ಬೇರೆ ಎಳೆದಿದ್ದೆ. ಪಾದರಸ ಸರಸರ ಏರಿತು. ತೊಂಬತ್ತೆಂಟಕ್ಕೆ ಬಂದು ನಿಂತಿತು. ನೀರು ಕೊತಕೊತ ಕುದಿಯುತ್ತಿದೆ, ಪಾದರಸ ಕದಲುವುದಿಲ್ಲ. ನಾನು ಸ್ಟೋವಿಗೆ ಇನ್ನೂ ಗಾಳಿ ಹೊಡೆದೆ. ನೀರು ಮೇಜಿನ ಮೇಲೆಲ್ಲ ಸಿಡಿಯಿತೇ ಹೊರತು ಪಾದರಸ ಅಲ್ಲೇ ಇತ್ತು. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ, ಕುದಿ ಹತ್ತಿದ ಮೇಲೆ ಉಷ್ಣತೆ ಏರುವುದಿಲ್ಲ ಎಂದು ಹಿಂದಿನ ವಾರ ನಾನೇ ಪಾಠ ಮಾಡಿದ್ದೆ. ಆ ಹೊತ್ತಿಗೆ ನೆನಪಾಗಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಬಹಳ ಮರುಕದಿಂದ, “ಸರ್, ಅದ್ಕೆ ಘಟ್ಟ ಹತ್ತಲೆ ಆಗ್ತಾ ಇಲ್ಲೆ ಕಾಣ್ತು” ಎಂದಳು.

ವರ್ಗವೆಲ್ಲ ನಕ್ಕಿತು. ಆಗ ಹೆಡ್‌ಮಾಸ್ತರರು ಕಿಟಕಿಯಲ್ಲಿ ನಿಂತಿದ್ದರೆಂದು ನನ್ನ ನೆನಪು ಹೇಳುತ್ತದೆ. ಅದೇ ಹೊತ್ತಿಗೆ ಅವರು ತಮ್ಮ ಕೋಣೆಯಲ್ಲಿ ಕುಳಿತು ನಗೆ ಕೇಳಿ ನನ್ನನ್ನು ಕರೆಸಿದರೆಂದೂ ಹೇಳುತ್ತದೆ. ಎರಡರಲ್ಲಿ ಒಂದು ಸುಳ್ಳು.

ಹೆಡ್‌ಮಾಸ್ತರರು ಹಾವೇರಿ ಕಡೆಯವರು. ಇತಿಹಾಸ ಕಲಿಸುತ್ತಿದ್ದರು, ಪುಸ್ತಕದಲ್ಲಿದ್ದ ರಾಜ ಪುಸ್ತಕದಲ್ಲಿದ್ದ ವರ್ಷವೇ ಸಾಯಬೇಕು ಎಂಬ ಶಿಸ್ತಿನವರು. ನನ್ನ ನೌಕರಿ ಇನ್ನೂ ತಾತ್ಪೂರ್ತಿಕವಾಗಿತ್ತು. ಆ ವರ್ಷದ ಕೊನೆಗೆ ಅವರು ನನ್ನ ಮೇಲೆ ಬರೆಯುವ ನಾಲ್ಕು ಸಾಲಿನ ಶೆರಾದಿಂದ ನಾನು ಕಾಯಂ ಆಗಬೇಕು, ಇಲ್ಲವಾದರೆ ಸಿದ್ದಾಪುರಕ್ಕೆ ಮರಳಿ ಸೋದರಮಾವನ ಅಡಕೆ ವಖಾರಿಯಲ್ಲಿ ಚೀಲಕ್ಕೆ ಬಾಯಿ ಹೊಲಿಯುತ್ತ ಕೂಡಬೇಕು. ಮಾವ ಆಗಲೇ ನನಗೊಂದು ದಬ್ಬಣ ತೆಗೆದಿಟ್ಟಿದ್ದಾನೆಂದು ಊರಿನಿಂದ ಸುದ್ದಿಯೂ ಬಂದಿತ್ತು.

“ನೂರಕ್ಕ ಕುದೀತೈತಿ ಅಂತ ಪುಸ್ತಕದಾಗ ಐತೋ ಇಲ್ಲೋ?” ಎಂದರು ಹೆಡ್‌ಮಾಸ್ತರರು.

ಇದೆ ಎಂದೆ.

“ಹಂಗಾರ ಒಂದೋ ಕಡ್ಡಿ ಕೆಟ್ಟೈತಿ, ಇಲ್ಲಾ ಮಾಸ್ತರ ಕೆಟ್ಟಾನ. ಯಾವುದು, ಯಾಕ ಅನ್ನೂದನ್ನ ಖುಲಾಸೆ ಬರದು ಕೊಡ್ರಿ.”

ಆಗಲೇ ನಾನು ವಾಯುಭಾರದ ಮಾತು ತೆಗೆದು ಅವರ ಬಾಯಿ ಮುಚ್ಚಿಸಿದೆ ಎಂದು ಮುಂದೆ ಎಷ್ಟೋ ಮಂದಿಗೆ ಹೇಳಿಕೊಂಡಿದ್ದೇನೆ. ನಿಜವಲ್ಲ. ಅದು ನನಗೆ ಹೊಳೆದದ್ದು ಸಂಜೆ, ಬಚ್ಚಲಲ್ಲಿ, ಹಂಡೆಯ ಮುಂದೆ. ಬಚ್ಚಲಲ್ಲಿ ಹೊಳೆಯುವುದು ಈ ಶಾಸ್ತ್ರದವರಿಗೆ ಹಳೆಯ ರೂಢಿಯೇ, ಆದರೆ ನಾನು ಬರಿಮೈಯಲ್ಲಿ ಹೊರಗೆ ಓಡಲಿಲ್ಲ, ಬಾಡಿಗೆ ಮನೆ. ನೀರಿನ ಮೇಲೆ ಗಾಳಿ ಒತ್ತಿ ಕೂತಿರುತ್ತದೆ. ಆ ಒತ್ತನ್ನು ತಳ್ಳಿಕೊಂಡು ಆವಿ ಏಳಬೇಕು. ಸಮುದ್ರದ ದಂಡೆಯಲ್ಲಿ ಗಾಳಿಯ ರಾಶಿ ದಪ್ಪ, ಘಟ್ಟ ಹತ್ತಿದಂತೆ ತೆಳು. ಒತ್ತು ಕಡಿಮೆಯಾದರೆ ನೀರು ಬೇಗ ಕುದಿಯುತ್ತದೆ. ನೂರು ಎಂಬುದು ಸಮುದ್ರದ ಮಟ್ಟದ ಲೆಕ್ಕ. ಯಲ್ಲಾಪುರ ಘಟ್ಟದ ಮೇಲಿದೆ.

ಮರುದಿನ ಇದನ್ನು ಹೆಡ್‌ಮಾಸ್ತರರಿಗೆ ವಿವರಿಸಿದೆ. ಗಾಳಿಗೆ ತೂಕವಿರುವುದನ್ನು ಅವರು ಒಪ್ಪಿದರು. ಆ ತೂಕ ಯಲ್ಲಾಪುರಕ್ಕೊಂದು, ಸಮುದ್ರದ ದಂಡೆಯ ಅಂಕೋಲೆಗೊಂದು ಎಂಬುದನ್ನು ಒಪ್ಪಲಿಲ್ಲ. ಎರಡೂ ಒಂದೇ ಜಿಲ್ಲೆಯಲ್ಲವೇ ಎಂದು ಕೇಳಿದರು. ಕೊನೆಗೆ ನಾನು, ಅಂಕೋಲೆಗೆ ಹೋಗಿ ಇದೇ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿ ನೋಡಿ ಬರುತ್ತೇನೆ ಎಂದೆ. ನೋಡಿ ಬಂದೆ ಎಂದು ಹೇಳುವವನು ಕೆಟ್ಟಿರಬಹುದಾದ ಮಾಸ್ತರನೇ ಆದದ್ದರಿಂದ, ರವಿವಾರ ಅವರೂ ಹೊರಟರು.

ಥರ್ಮಾಮೀಟರನ್ನು ಪಂಚೆಯಲ್ಲಿ ಸುತ್ತಿ, ಮೊಣಕಾಲ ನಡುವೆ ನೆಟ್ಟಗೆ ನಿಲ್ಲಿಸಿಕೊಂಡು ಬಸ್ಸಿನಲ್ಲಿ ಅರಬೈಲ್ ಘಟ್ಟ ಇಳಿದೆ. ಒಂದೊಂದು ತಿರುವಿಗೂ ಹೆಡ್‌ಮಾಸ್ತರರು ನನ್ನನ್ನಲ್ಲ, ಪಂಚೆಯನ್ನು ಹಿಡಿದುಕೊಳ್ಳುತ್ತಿದ್ದರು.

ಅಂಕೋಲೆಯ ಬಸ್ಸು ನಿಲ್ಲುವಲ್ಲಿ ಒಂದು ಚಹದ ಹೋಟೆಲಿತ್ತು. ಒಡೆಯ ನಮ್ಮ ಘಟ್ಟದ ಮೇಲಿನವನೇ, ಮಾತಿನಲ್ಲೇ ಗೊತ್ತಾಯಿತು. ಒಲೆಯ ಮೇಲೆ ದೊಡ್ಡ ತಾಮ್ರದ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ನಾನು ಚಹ ಹೇಳಿ, ಮೆಲ್ಲಗೆ ಪಂಚೆ ಬಿಚ್ಚಿದೆ. ಅವನ ಕಣ್ಣು ಅಗಲವಾಯಿತು.

“ಜ್ವರ ನೋಡೋ ಕಡ್ಡಿ ಅಲ್ದನಾ ತಮಾ ಅದು? ಯಾರ ಬಾಯಲ್ಲಿ ಇಟ್ಟಿದ್ದು ಹೇಳು ಮೊದ್ಲು.”

ಯಾರ ಬಾಯಲ್ಲೂ ಇಟ್ಟದ್ದಲ್ಲ ಎಂದೆ. ಅವನು ನಂಬಲಿಲ್ಲ. ಅವನ ಹೋಟೆಲಿನಲ್ಲಿ ಎಂಜಲಿನ ವಿಚಾರ ಕಟ್ಟುನಿಟ್ಟು. ಲೋಟವನ್ನು ತುಟಿಗೆ ತಾಗಿಸಿ ಕುಡಿದವರು ತಾವೇ ತೊಳೆದು ಬೋರಲು ಹಾಕಿ ಹೋಗಬೇಕು. ಅಂಥವನ ಕುದಿಯುವ ನೀರಿಗೆ ಗುರುತಿಲ್ಲದ ಜ್ವರದವರ ಎಂಜಲು ಅದ್ದಲು ಇಬ್ಬರು ಬಂದಿದ್ದರು. ಕುದಿಯುವ ನೀರಿನಲ್ಲಿ ಎಂಜಲು ಉಳಿಯುವುದಿಲ್ಲ ಎಂದು ನಾನು ಶಾಸ್ತ್ರ ಹೇಳಹೋದೆ. ಅಂದರೆ ಎಂಜಲು ಇದೆ ಎಂದು ಒಪ್ಪಿಕೊಂಡ ಹಾಗಾಯಿತು.

ಆಗ ಹೆಡ್‌ಮಾಸ್ತರರು ನನ್ನ ನೆರವಿಗೆ ಬಂದರು. ಥರ್ಮಾಮೀಟರನ್ನು ಎತ್ತಿ ಹಿಡಿದು, “ನೋಡ್ರಿ ಯಜಮಾನ್ರ, ಒಂದು ಫೂಟು ಐತಿ. ಇದು ಮನಿಷ್ಯಾರ ಬಾಯಾಗ ಹಿಡಸೂ ಅಂಥಾದ್ದೇನ್ರಿ?” ಎಂದರು.

ಒಡೆಯ ಯೋಚಿಸಿದ. ಅವನ ಮುಖದಲ್ಲಿ ನಿಧಾನವಾಗಿ ಬೇರೊಂದು ತಿಳಿವಳಿಕೆ ಮೂಡಿತು. ಹಿಂದಿನ ಮಳೆಗಾಲದಲ್ಲಿ ಅವನ ಎಮ್ಮೆಗೆ ಜ್ವರ ಬಂದು ದನದ ಡಾಕ್ಟರನ್ನು ಕರೆಸಿದ್ದನಂತೆ. ಆ ಡಾಕ್ಟರನ ಕಡ್ಡಿಯೂ ಉದ್ದವೇ ಇತ್ತು. ಅದನ್ನು ಡಾಕ್ಟರ ಎಮ್ಮೆಯ ಬಾಯಲ್ಲಿ ಇಟ್ಟಿರಲಿಲ್ಲ.

ಅವನು ತಾಮ್ರದ ಪಾತ್ರೆಗೆ ಮುಚ್ಚಳ ಹಾಕಿದ. ನಮ್ಮ ಚಹದ ಲೋಟಗಳನ್ನೂ ಒಳಗೆ ತೆಗೆದುಕೊಂಡು ಹೋದ.

ಅರ್ಧ ತಾಸು ಬೇಡಿಕೊಂಡ ಮೇಲೆ, ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಬಸ್ಸಿಗೆ ನೀರು ಹಾಕುವ ತಗಡಿನ ಡಬ್ಬಿಯಲ್ಲಿ ನೀರು ಕಾಯಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು. ಹೈಸ್ಕೂಲಿನ ಹೆಡ್‌ಮಾಸ್ತರರು ಕೋಟು ಕಳಚಿ, ಕುಕ್ಕರಗಾಲಲ್ಲಿ ಕೂತು, ತೆಂಗಿನ ಗರಿ ಮುರಿದು ಒಲೆಗೆ ಒಡ್ಡಿದರು. ನೀರು ಕುದಿಯಿತು. ಪಾದರಸ ತೊಂಬತ್ತೆಂಟನ್ನು ದಾಟಿತು, ತೊಂಬತ್ತೊಂಬತ್ತನ್ನು ದಾಟಿತು, ನೂರಕ್ಕೆ ಹೋಗಿ ನಿಂತಿತು. ಇದನ್ನು ಇಬ್ಬರೂ ನೋಡಿದೆವು. ಬೇಲಿಯಾಚೆ ನಿಂತು ಒಡೆಯನೂ ನೋಡಿದ.

ನಾನು ಗೆದ್ದೆನೆಂದುಕೊಂಡೆ. ಹೆಡ್‌ಮಾಸ್ತರರು ಕಡ್ಡಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಹವಾ ಬದಲಾತಲ್ಲಾ, ಆರಾಮ ಆಗೈತಿ” ಎಂದರು. ಅವರ ಪ್ರಕಾರ ಥರ್ಮಾಮೀಟರ್ ಯಲ್ಲಾಪುರದಲ್ಲಿ ಕೆಟ್ಟಿತ್ತು, ಸಮುದ್ರದ ಗಾಳಿಗೆ ನೆಟ್ಟಗಾಗಿತ್ತು. ನೆಟ್ಟಗಾಗಿದ್ದರೆ ಮೇಲೆ ಹೋದರೂ ನೂರೇ ತೋರಿಸಬೇಕು, ದಾರಿಯಲ್ಲಿ ಇನ್ನೊಮ್ಮೆ ನೋಡೋಣ ಎಂದು ನಾನೇ ಹೇಳಿದೆ.

ಮರಳುವಾಗ ಅರಬೈಲಿನಲ್ಲಿ ಬಸ್ಸಿಗೇ ಕುದಿ ಬಂತು. ಡ್ರೈವರು ನೀರು ಹಾಕಲು ನಿಲ್ಲಿಸಿದ. ಅಲ್ಲೊಂದು ಚಹದ ಗೂಡು. ನಡೆಸುತ್ತಿದ್ದ ಹೆಂಗಸು ಏನೂ ಕೇಳಲಿಲ್ಲ, ಕುದಿಯುವ ನೀರಿನ ಮುಚ್ಚಳ ಸರಿಸಿ ಕೊಟ್ಟಳು. ಡ್ರೈವರು ಹಾರ್ನು ಬಾರಿಸತೊಡಗಿದ. ನಾನು ಅದ್ದಿ, ಬಗ್ಗಿ ನೋಡಿದೆ. ಆವಿ ಏರಿ ಕನ್ನಡಕ ಮಂಜಾಯಿತು. ಹಿಂದಿನಿಂದ ಹೆಡ್‌ಮಾಸ್ತರರು ಎಷ್ಟು, ಎಷ್ಟು ಎಂದು ಕೇಳುತ್ತಿದ್ದರು.

“ತೊಂಬತ್ತೊಂಬತ್ತು” ಎಂದೆ.

ಬಸ್ಸಿನಲ್ಲಿ ಕೂತ ಮೇಲೆ ಹೆಡ್‌ಮಾಸ್ತರರು ಮೈಲಿಗಲ್ಲುಗಳನ್ನು ತೋರಿಸುತ್ತ, ಕೆಳಗೆ ನೂರು, ನಡುವೆ ತೊಂಬತ್ತೊಂಬತ್ತು, ಮೇಲೆ ತೊಂಬತ್ತೆಂಟು ಎಂದು ಬೆರಳು ಮಡಚಿದರು. ನಂಬಿದ್ದರು. ನಂಬಿದವರು ಅಷ್ಟಕ್ಕೇ ನಿಲ್ಲಬೇಕಿತ್ತು.

“ಧಾರವಾಡ ಇನ್ನೂ ಎತ್ತರ ಅಲ್ಲೇನ್ರಿ ಮಾಸ್ತರ? ಕಾಲೇಜಿನ್ಯಾಗ ಈ ಪ್ರಯೋಗ ಮಾಡಿದಾಗ ನಿಮಗ ಎಷ್ಟು ಬಂದಿತ್ತು?”

ನಾನು ಕಾಲೇಜು ಕಲಿತದ್ದು ಧಾರವಾಡದಲ್ಲೇ. ಅಲ್ಲಿ ತೊಂಬತ್ತೆಂಟೂ ಬರಲಿಕ್ಕಿಲ್ಲ.

“ನೂರು ಸರ್.”

“ಬಂದಿತ್ತೋ, ನೀವು ಬರದಿದ್ರೋ?”

“ಬರೆದಿದ್ದೆ ಸರ್.”

“ಬಾಜೂದವ?”

“ಅವನೂ ಬರೆದಿದ್ದ. ಎಲ್ಲರೂ ಬರೆದಿದ್ದರು. ಪ್ರೊಫೆಸರರು ಸಹಿ ಹಾಕಿದ್ದರು.”

ಮಾವನ ದಬ್ಬಣ ಕಣ್ಣ ಮುಂದೆ ಬಂತು. ಹೆಡ್‌ಮಾಸ್ತರರು ಕಿಟಕಿಯಾಚೆ ನೋಡುತ್ತಿದ್ದರು. ಅವರ ಹೆಗಲು ಅಲುಗತೊಡಗಿತು. ನಗುತ್ತಿದ್ದಾರೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಕಣ್ಣೊರೆಸಿಕೊಂಡು ಅವರು, “ಖುಲಾಸೆದಾಗ ಧಾರವಾಡ ಬರೀಬ್ಯಾಡ್ರಿ. ಅಂಕೋಲಾ, ಅರಬೈಲ, ಯಲ್ಲಾಪುರ, ಮೂರ ಸಾಕು” ಎಂದರು.

ಮೂರನ್ನೇ ಬರೆದೆ. ವರ್ಷದ ಕೊನೆಗೆ ಕಾಯಂ ಹುಕುಮು ಬಂತು. ಹೆಡ್‌ಮಾಸ್ತರರು ಬರೆದ ಶೆರಾವನ್ನು ಗುಮಾಸ್ತರು ಗುಟ್ಟಾಗಿ ತೋರಿಸಿದರು. ಸ್ವಂತ ಕಣ್ಣಿನಿಂದ ಕಂಡದ್ದನ್ನು ಮಾತ್ರ ಹೇಳುವ ಶಿಕ್ಷಕ, ಎಂದಿತ್ತು.

ಡೈರಿಯಲ್ಲಿ ಆ ರವಿವಾರದ ಪುಟ ನೋಡಿದೆ. ಅರಬೈಲಿನ ಮುಂದೆ ‘೯೯’ ಇದೆ. ಎರಡನೆಯ ಒಂಬತ್ತರ ಶಾಯಿ ಸ್ವಲ್ಪ ದಟ್ಟ. ಅದರಡಿ ಬೇರೆ ಅಂಕವಿತ್ತೋ, ಲೇಖನಿ ಅಲ್ಲಿ ತಡೆದು ನಿಂತಿತ್ತೋ ಹೇಳಲಾರೆ. ಅಲ್ಲಿ ತೊಂಬತ್ತೊಂಬತ್ತು ಬರುವುದು ನ್ಯಾಯವೇ. ಲೆಕ್ಕ ಮಾಡಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಆಮೇಲೆ ಎಷ್ಟೋ ಸಲ ಆ ಘಟ್ಟ ಹತ್ತಿ ಇಳಿದಿದ್ದೇನೆ. ಥರ್ಮಾಮೀಟರ್ ಒಯ್ಯಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಅದೇ ನೌಕರಿ ಮಾಡಿ ನಿವೃತ್ತನಾದೆ. ಆ ಮೂರು ಅಂಕಗಳಲ್ಲಿ ಎರಡನ್ನು ನಾನು ಕಂಡದ್ದು ಖಂಡಿತ.