ಹೊಸ ಬಾಲ್ದಿಯಲ್ಲಿಟ್ಟ ಪುನರ್ಪುಳಿ

1962ರ ಮೇ 5, ಶನಿವಾರ, ಸಂಜೆ ಆರು ಗಂಟೆ. ಬಂಟ್ವಾಳದ ಮಾವನ ಮನೆಯಲ್ಲಿ ಮರುದಿನ ಉಪನಯನ. ಬೆಳ್ತಂಗಡಿಯಿಂದ ಬಂದ ಅಡುಗೆ ಭಟ್ಟರು ಪುನರ್ಪುಳಿ ಎಂಬ ಹುಳಿಹಣ್ಣಿನ ಶರಬತ್ತು ಮಾಡಿ ತಾಮ್ರದ ಹಂಡೆಗೆ ಸುರಿಯಹೊರಟಿದ್ದರು. ಹಂಡೆಯೊಳಗೆ ಎರಡು ಕಡೆ ಕಲಾಯಿ ಎದ್ದುಹೋಗಿತ್ತು. ನಾನು ಆಗಷ್ಟೇ ಮೂಡುಬಿದಿರೆಯ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ತಾಮ್ರಕ್ಕೂ ಹುಳಿಗೂ ಆಗದು ಎಂದು ತಡೆದೆ.

“ಹಾಗಾದರೆ ಮಣ್ಣಿನ ಬಾನಿಯಲ್ಲಿ ಇಡುವ,” ಎಂದರು ಭಟ್ಟರು.

“ಎರಡು ಹೊಸ ಬಾಲ್ದಿ ಉಂಟಲ್ಲ ಭಟ್ರೇ. ಹೇಗೆ ಹೊಳೀತದೆ ನೋಡಿ,” ಎಂದೆ.

ಸತು ಬಳಿದ ಕಬ್ಬಿಣದ ಬಾಲ್ದಿಗಳು. ನಾನೇ ಸುರಿದೆ.

ಮರುದಿನ ಹನ್ನೊಂದಕ್ಕೆ ಕುಡಿದವರು ನಲವತ್ತೊಂದು ಜನ. ಮೊದಲ ವಾಂತಿ 11.40ಕ್ಕೆ. ಒಂದು ಗಂಟೆಯೊಳಗೆ ಮೂವತ್ತಮೂರು ಮಂದಿ ಅಂಗಳದಲ್ಲಿ. ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಸಂಜೆಗೆ ಎಲ್ಲರೂ ಚೇತರಿಸಿಕೊಂಡರು. ಅಷ್ಟರಲ್ಲಿ ಮಾವ ಹಂಡೆಯನ್ನು ನೋಡಿಯಾಗಿತ್ತು.

“ಕಲಾಯಿ ಇಲ್ಲದ ಹಂಡೆಯಲ್ಲಿ ಹುಳಿ ಇಟ್ಟು ನನ್ನ ಮರ್ಯಾದೆ ತೆಗೆದ್ರಲ್ಲ!”

“ಹಂಡೆಯಲ್ಲಿ ಇಟ್ಟದ್ದೇ ಅಲ್ಲ,” ಎಂದು ಭಟ್ಟರು ನನ್ನ ಕಡೆ ತಿರುಗಿದರು. ಹಂಡೆಗೆ ಒಂದು ತೊಟ್ಟೂ ಬಿದ್ದಿಲ್ಲವೆಂದು ನನಗೆ ಗೊತ್ತಿತ್ತು. ನಾನು ಪುಸ್ತಕ ನೋಡುತ್ತಾ ನಿಂತೆ. ಭಟ್ಟರು ಐದರ ಬಸ್ಸಿಗೆ ಹೋದರು.

ಮುಂದಿನ ಒಂದು ವರ್ಷದಲ್ಲಿ ನಮ್ಮ ನೆಂಟರ ಮನೆಗಳಲ್ಲಿ ಒಂಬತ್ತು ಸಮಾರಂಭಗಳಾದವು. ಒಂಬತ್ತೂ ಮನೆಯವರು ಮೊದಲು ಈ ಭಟ್ಟರನ್ನೇ ಕರೆಯುತ್ತಿದ್ದವರು. ಈಗ ಒಬ್ಬರೂ ಕರೆಯಲಿಲ್ಲ.

ಕಾಲೇಜಿನ ನನ್ನ ಹಳೆಯ ಅಧ್ಯಾಪಕರಿಗೆ ಕಾಗದ ಬರೆದೆ. ಹುಳಿಯಲ್ಲಿ ಸತು ಕರಗುತ್ತದೆ, ವಾಂತಿ ಅದರಿಂದಲೇ ಎಂದು ಉತ್ತರ ಬಂತು. ಅದನ್ನು ಹಿಡಿದು, ಬಾಲ್ದಿಗೆ ಸುರಿದದ್ದು ನಾನೇ ಎಂದು ಮಾವನ ಬಳಿ ತಪ್ಪೊಪ್ಪಿಕೊಂಡೆ.

ಮಾವ ನಕ್ಕರು. “ಸತು ಶರೀರಕ್ಕೆ ಬೇಕು ಅಂತ ನೀನೇ ಮಕ್ಕಳಿಗೆ ಹೇಳುವುದಲ್ವಾ? ಬೇಕಾದದ್ದು ವಿಷ ಆಗ್ತದಾ? ಭಟ್ರನ್ನು ಉಳಿಸ್ಲಿಕ್ಕೆ ಕಥೆ ಕಟ್ಟಬೇಡ.”

ಕಾಗದದ ಕೊನೆಯ ಸಾಲುಗಳನ್ನು ಓದಿ ಹೇಳಿದೆ: ಜೀವಕೋಶದಲ್ಲಿ ಸತು ಬಿಡಿಯಾಗಿ ತಿರುಗಾಡುವುದು ಅತಿ ಕಡಿಮೆ, ಪ್ರೋಟೀನುಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಕುದುರೆಯ ಮೂತ್ರಪಿಂಡದಲ್ಲಿ ಅಂಥದೊಂದು ಪ್ರೋಟೀನು ಈಚೆಗೆ ಸಿಕ್ಕಿದೆ. ಅದರ ಕೆಲಸವೇನೆಂದು ಇನ್ನೂ ಖಚಿತವಿಲ್ಲ.

“ಹಿಡಿದುಕೊಳ್ಳುವ ಸಾಮಾನು ಒಳಗೆ ಇದ್ದರೆ ಅವತ್ತು ಯಾಕೆ ಹಿಡಿಯಲಿಲ್ಲ?”

ಅಷ್ಟು ಸತು ಕೋಶದೊಳಗೆ ಹೋಗುವ ಮೊದಲೇ ಹೊಟ್ಟೆಯನ್ನು ಕೆರಳಿಸಿರಬೇಕು ಎಂದೆ. ‘ಇರಬೇಕು’ ಎಂಬ ಮಾತು ಮಾವನಿಗೆ ಸಾಲಲಿಲ್ಲ.

ಕಳೆದ ಭಾನುವಾರ ಬೆಳ್ತಂಗಡಿಗೆ ಹೋದೆ. ಭಟ್ಟರು ಹೋಟೆಲೊಂದರ ಹಿಂದೆ ಕೂತು ಹಿಟ್ಟು ರುಬ್ಬುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, “ಬಾಲ್ದಿಗೆ ಬೈದರೆ ಅದಕ್ಕೆ ಕಿವಿ ಉಂಟಾ ಮಾಸ್ಟ್ರೇ? ಭಟ್ರಿಗಾದರೆ ಉಂಟು,” ಎಂದರು. ಹಿಟ್ಟನ್ನು ಗುಂಡಿಗೆ ತಳ್ಳಿ, “ನೀವು ಹೇಳಿದ್ರೆ ಏನಾಗ್ತದೆ? ನಿಮ್ಮ ಮಾವ ಹೇಳಬೇಕು,” ಎಂದು ಮತ್ತೆ ಕಲ್ಲು ತಿರುಗಿಸಿದರು.

ಆ ಪ್ರೋಟೀನು ಸತುವನ್ನು ಎಷ್ಟು ಹಿಡಿಯುತ್ತದೆ, ಯಾವಾಗ ಬಿಟ್ಟುಕೊಡುತ್ತದೆ, ಎಷ್ಟು ಬಂದರೆ ಅದರ ಕೈಮೀರುತ್ತದೆ? ಬಲ್ಲವರು ದಯಮಾಡಿ ಈ ಪತ್ರಿಕೆಯ ಮೂಲಕ ತಿಳಿಸಬೇಕು. ಸುಲಭ ಕನ್ನಡದಲ್ಲಿರಲಿ. ಭಟ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾವನಿಗೆ ಓದಿ ಹೇಳಬೇಕಾಗಿದೆ.