ಮಂಜಜ್ಜನ ಎಡೆ

ಮಂಜಯ್ಯ ನನ್ನ ಸ್ವಂತ ಅಜ್ಜ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬಾಳೂರಿನ ಕಡೆ ಯಾರನ್ನು ಕೇಳಿದರೂ ಅವರ ಬಗ್ಗೆ ಮೊದಲು ಹೇಳುವುದು ಇದನ್ನೇ. ನನ್ನ ಅಪ್ಪ ಚಂದ್ರಶೇಖರನಿಗೆ ಎರಡು ವರ್ಷ ತುಂಬುವ ಮೊದಲೇ ಅವನ ತಂದೆ ಜ್ವರ ಬಂದು ತೀರಿಕೊಂಡರು. ಅಜ್ಜಿ ತುಂಗಮ್ಮನಿಗೆ ಆಗ ಇಪ್ಪತ್ತಮೂರು. ಆರು ಎಕರೆ ಕಾಫಿ ತೋಟ ಮತ್ತು ಕೈಗೂಸನ್ನು ಇಟ್ಟುಕೊಂಡು ಮೂರು ವರ್ಷ ಒದ್ದಾಡಿದಳು. ಆಮೇಲೆ ಪಕ್ಕದ ಎಸ್ಟೇಟಿಗೆ ಹೊಸದಾಗಿ ಬಂದಿದ್ದ ಮೇಸ್ತ್ರಿ ಮಂಜಯ್ಯನವರ ಜೊತೆ ಅವಳಿಗೆ ಕೂಡಿಕೆಯಾಯಿತು. ವಿಧವೆಯ ಮರುಮದುವೆಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ನಾಲ್ಕು ಜನ ಹಿರಿಯರ ಎದುರು ಒಂದು ಸೀರೆ ಕೊಟ್ಟರೆ ಮುಗಿಯಿತು. ಹೆಣ್ಣು ಗಂಡನ ಮನೆಗೆ ಹೋಗುವುದು ವಾಡಿಕೆ. ಆದರೆ ತುಂಗಮ್ಮ ತೋಟ ಬಿಟ್ಟು ಹೋದರೆ ಹುಡುಗನಿಗೆ ಏನೂ ಉಳಿಯುವುದಿಲ್ಲ ಎಂದು ಮಂಜಯ್ಯನವರೇ ಒಂದು ಟ್ರಂಕು ಹೊತ್ತುಕೊಂಡು ಅವಳ ಮನೆಗೆ ಬಂದರು.

ಬಂದವರು ಯಜಮಾನರಾಗಲಿಲ್ಲ. ನೆರಳಿನ ಮರಗಳ ಕೊಂಬೆ ಕಡಿಸುವ ಕಾಲ ಬಂದರೆ ಹತ್ತು ವರ್ಷದ ನನ್ನ ಅಪ್ಪನನ್ನು ಮರದ ಬುಡಕ್ಕೆ ಕರೆದೊಯ್ದು, "ಯಜಮಾನ್ರೇ, ಈ ಕೊಂಬೆ ಕಡಿಸದಾ, ಬಿಡದಾ?" ಎಂದು ಕೇಳುತ್ತಿದ್ದರಂತೆ. ಅಪ್ಪ ಸೊಂಟಕ್ಕೆ ಕೈಯಿಟ್ಟು ಮೇಲೆ ನೋಡಿ, "ಕಡಿಸಿ" ಅನ್ನುತ್ತಿದ್ದನಂತೆ. ಕಡಿಯಬಾರದ ಕೊಂಬೆಯಾದರೆ ಮಂಜಜ್ಜ ಇನ್ನೊಂದು ಸಲ ಕೇಳುತ್ತಿದ್ದರು. ಮೂರನೇ ಸಲ ಕೇಳುವಷ್ಟರಲ್ಲಿ ಯಜಮಾನರಿಗೆ ಬುದ್ಧಿ ಬರುತ್ತಿತ್ತು. ಅಪ್ಪ ಕಾಫಿ ಕೃಷಿ ಕಲಿತದ್ದು ಹೀಗೆ. ಆದರೂ ನೆಂಟರು ಹೇಳಿಕೊಟ್ಟಂತೆ ಅವರನ್ನು ಕೊನೆಯತನಕ 'ಮಂಜಣ್ಣ' ಎಂದೇ ಕರೆದ.

ತೊಂಬತ್ತನಾಲ್ಕರಲ್ಲಿ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಬಸ್ಸಿನಲ್ಲಿ ಒಬ್ಬಳು ಹುಡುಗಿ ನನ್ನ ಮುಖಕ್ಕೇ, "ಅವ್ರು ನಿನ್ನ ಅಜ್ಜ ಅಲ್ವಂತೆ" ಎಂದಳು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳ ಜಡೆ ಎಳೆದು, ಮನೆಗೆ ಬಂದು ಮಂಜಜ್ಜನ ಮೇಲೆ ಹರಿಹಾಯ್ದೆ. ಅವರು ಕಾಲಿಗೆ ಹತ್ತಿ ರಕ್ತ ಹೀರುತ್ತಿದ್ದ ಉಂಬಳಕ್ಕೆ ಸುಣ್ಣ ಮುಟ್ಟಿಸುತ್ತಾ ಕೂತಿದ್ದರು.

"ಹೌದು ಕಣೇ ಮಾರಾಯ್ತಿ. ನಿನ್ನ ಖಾಸಾ ಅಜ್ಜ ಗೋಡೆ ಮೇಲೆ ಪಟದಾಗಿದಾರೆ. ನಾನು ಅವ್ರ ತೋಟ ನೋಡ್ಕಳಕ್ಕೆ ಬಂದೋನು."

"ಹಂಗಾದ್ರೆ ನೀವು ಬರೀ ತೋಟದ ಲೆಕ್ಕ ಬರೆಯೋ ರೈಟ್ರಾ?"

"ರೈಟ್ರಿಗೆ ಭಾನುವಾರ ರಜ ಇರ್ತದೆ. ನಂಗೆ ಅದೂ ಇಲ್ಲ" ಎಂದು ನಕ್ಕುಬಿಟ್ಟರು. ನನಗೆ ನಗು ಬರಲಿಲ್ಲ. ಅವತ್ತಿನಿಂದ ಪಟದಜ್ಜನ ಮೇಲೆ ನನಗೊಂದು ದ್ವೇಷದಂಥದ್ದು ಹುಟ್ಟಿತು. ಪಾಪ, ಅವರೇನು ಮಾಡಿದ್ದರು.

ಮಂಜಜ್ಜನಿಗೆ ಮಾತ್ರ ಪಟದಜ್ಜನ ಮೇಲೆ ಎಲ್ಲಿಲ್ಲದ ಗೌರವ. ಹಿರಿಯರ ಹಬ್ಬದ ದಿನ ನಮ್ಮಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಒಳಕೋಣೆಯಲ್ಲಿ ಬಾಳೆಲೆ ಹಾಸಿ, ಅವರವರಿಗೆ ಇಷ್ಟವಾದದ್ದನ್ನೇ ಬಡಿಸಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುತ್ತಾರೆ ಎಂಬ ನಂಬಿಕೆ. ಪಟದಜ್ಜನಿಗೆ ಕಳಲೆ ಪಲ್ಯ ಇಷ್ಟ ಎಂದು ಅಜ್ಜಿ ಯಾವತ್ತೋ ಒಂದು ಸಲ ಹೇಳಿದ್ದಳಂತೆ. ಪ್ರತಿವರ್ಷ ಮಳೆಗಾಲದಲ್ಲಿ ಮಂಜಜ್ಜ ಬಿದಿರುಮೆಳೆಯಲ್ಲಿ ಎಳೇ ಕಳಲೆ ಹುಡುಕಿ ತಂದು, ಹೆಚ್ಚಿ, ಉಪ್ಪಿನಲ್ಲಿ ಹಾಕಿಟ್ಟು, ಹಬ್ಬಕ್ಕೆ ತಪ್ಪದೆ ತೆಗೆದುಕೊಡುತ್ತಿದ್ದರು. ತಾವು ಕಾಣದ ಮನುಷ್ಯನಿಗೆ ನಲವತ್ತು ವರ್ಷ ಹೀಗೆ ಊಟ ಹಾಕಿದರು.

ಎರಡು ಸಾವಿರದ ಮೂರರ ಜುಲೈಯಲ್ಲಿ ಮಂಜಜ್ಜ ಹೋದರು. ಆ ವರ್ಷದ ಹಬ್ಬಕ್ಕೆ ಪಟದಜ್ಜನ ತಮ್ಮ ಬೆಳ್ಳಿಯಪ್ಪಜ್ಜ ಮಲ್ಲಂದೂರಿನಿಂದ ಬಂದರು. ಅಮ್ಮ ಎರಡು ಬಾಳೆಲೆ ತೊಳೆಯುತ್ತಿದ್ದುದನ್ನು ನೋಡಿ ಅವರ ಮುಖ ಗಂಟಾಯಿತು.

"ಎರಡನೇದು ಯಾರಿಗೆ? ಮಂಜಯ್ಯ ಒಳ್ಳೆಯವ್ರೇ, ನಾನು ಇಲ್ಲ ಅನ್ನಲ್ಲ. ಆದ್ರೆ ಅವ್ರ ವಂಶ ಬೇರೆ, ಬಳಿ ಬೇರೆ. ಬೇರೆ ಬಳಿಯೋರ್ಗೆ ಈ ಕೋಣೇಲಿ ಎಡೆ ಇಟ್ರೆ ನಮ್ಮ ಹಿರಿಯರು ಹೊಸಿಲು ದಾಟಲ್ಲ" ಎಂದರು.

ಅಪ್ಪ ತಲೆ ತಗ್ಗಿಸಿ ನಿಂತ. ಎದುರಾಡುವ ಅಭ್ಯಾಸ ಅವನಿಗಿಲ್ಲ. ಆ ಕ್ಷಣ ಅಪ್ಪನ ಮೇಲೆ ಬಂದಷ್ಟು ಸಿಟ್ಟು ನನಗೆ ಇನ್ಯಾರ ಮೇಲೂ ಬಂದಿಲ್ಲ. ಎಸ್ಟೇಟ್ ಬಿಟ್ಟು, ತನ್ನವರನ್ನು ಬಿಟ್ಟು ಬಂದ ಮನುಷ್ಯನಿಗೆ ಇಲ್ಲಿ ಎಲೆ ಇಲ್ಲವೆಂದರೆ ಇನ್ನೆಲ್ಲೂ ಇಲ್ಲ. ಅಮ್ಮ ಒಂದು ಎಲೆಯನ್ನು ಮಡಚತೊಡಗಿದಳು.

ಒಲೆಯ ಮುಂದೆ ಕೂತಿದ್ದ ಅಜ್ಜಿ ಎದ್ದು ಬಂದಳು. ದನಿಯೇನೂ ಏರಿಸಲಿಲ್ಲ. "ಹಂಗಾದ್ರೆ ನಾಳೆ ನಾನು ಸತ್ರೆ ನಂಗೂ ಇಡ್ಬೇಡಿ ಬೆಳ್ಳಿಯಪ್ಪ. ಅವ್ರು ಹೊರಗೆ ನಿಂತಿರೋವಾಗ ನಾನು ಒಳಗೆ ಕೂತು ಉಣ್ಣಲ್ಲ."

ಅಪ್ಪ ಅಮ್ಮನ ಕೈಯಿಂದ ಎಲೆ ಇಸಿದುಕೊಂಡು, ಒಳಕೋಣೆಯಲ್ಲಿ ಪಟದಜ್ಜನ ಎಲೆಯ ಪಕ್ಕದಲ್ಲೇ ಹಾಸಿದ. ಸೌಟು ಹಿಡಿದು ಬಗ್ಗಿದವನು ಹಾಗೇ ನಿಂತುಬಿಟ್ಟ.

"ಅವ್ವಾ, ಅವ್ರಿಗೆ ಏನು ಇಷ್ಟ ಇತ್ತು?"

ಅಜ್ಜಿ ಅಮ್ಮನ ಕಡೆ ತಿರುಗಿದಳು. ಅಮ್ಮ ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ. ಎಲ್ಲರ ಊಟವೂ ಆದ ಮೇಲೆ, ಉಳಿದದ್ದನ್ನು ಬಡಿಸಿಕೊಂಡು ಉಣ್ಣುತ್ತಿದ್ದವರು ಅವರು. ಏನು ಮಾಡಲಿ ಎಂದು ಕೇಳಿದರೆ "ಏನಿದ್ರೂ ಆಯ್ತು" ಅನ್ನುತ್ತಿದ್ದರು. ನಾವು ಅದನ್ನೇ ನಂಬಿ ಹಾಯಾಗಿದ್ದೆವು. ನನಗೆ ನಾಚಿಕೆಯಾಯಿತು, ಈಗಲೂ ಆಗುತ್ತದೆ.

"ಎಲ್ಲದ್ರಲ್ಲೂ ಚೂರು ಚೂರು ಹಾಕು ಮಗಾ" ಎಂದಳು ಅಜ್ಜಿ.

ಅಪ್ಪ ಕಡುಬು, ಕೋಳಿಸಾರು, ಪಲ್ಯ, ಪಾಯಸ ಎಲ್ಲವನ್ನೂ ಬಡಿಸಿದ. ಬಾಗಿಲು ಮುಚ್ಚಿ ಅರ್ಧ ಗಂಟೆ ಹೊರಗೆ ಕೂತೆವು. ತೆರೆದಾಗ ಅಪ್ಪ ಆ ಎಲೆಯ ಮುಂದೆ ಮೊಣಕಾಲೂರಿ, ಯಾವುದಕ್ಕಾದರೂ ಬೆರಳು ತಾಗಿದೆಯೋ ಎಂದು ಒಂದೊಂದನ್ನೇ ನೋಡಿದ. ಹಾಕಿದ್ದು ಹಾಕಿದಂತೇ ಇತ್ತು.

"ಏನೂ ಮುಟ್ಟಿಲ್ಲ ಅವ್ವಾ" ಎಂದ.

"ನಾವಿನ್ನೂ ಉಂಡಿಲ್ವಲ್ಲ" ಎಂದಳು ಅಜ್ಜಿ.

ಅಪ್ಪ ಎದ್ದು ಎಲ್ಲರಿಗೂ ಜಗಲಿಯಲ್ಲಿ ಎಲೆ ಹಾಕಿದ. ಬೆಳ್ಳಿಯಪ್ಪಜ್ಜನೂ ಕೂತರು. ನಾವೆಲ್ಲ ಉಂಡು, ಕೈ ತೊಳೆದು, ಒಳಕೋಣೆಯ ಬಾಗಿಲನ್ನು ಇನ್ನೊಂದು ಸಲ ಮುಚ್ಚಿದೆವು.